ಅತ್ತಿಗೆ ಎನ್ನಬೇಡಿ

ಹೊಸಕೋಟೆ
12 ಮೇ 2025

ಪೂಜ್ಯ ಅತ್ತಿಗೆಯವರಾದ ಮುನಿತಾಯಮ್ಮನವರಿಗೆ ಕಾಂತರಾಜು ಮಾಡುವ ನಮಸ್ಕಾರ.

ಫೋನಿನಲ್ಲಿ ನೀವು ಕೊನೆಗೆ ಹೇಳಿದ್ದು ಇಷ್ಟು: "ಅದೇನ್ ಹೇಳ್ಬೇಕೋ ಕಾಗ್ದದಲ್ಲಿ ಬರ್ದು, ಹೆಸ್ರು ಹಾಕಿ ಕಳ್ಸಿ. ಮನೆ ಹತ್ರ ಬಂದ್ರೆ ಮಾತ್ರ ನಾಯಿ ಬಿಡ್ತೀನಿ." ಅಷ್ಟು ಹೇಳಿ ಇಟ್ಟುಬಿಟ್ಟಿರಿ. ಸೈನ್ಯದಲ್ಲಿ ಹೇಳಿದಷ್ಟು ಮಾಡಿ ಅಭ್ಯಾಸವಾದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ. ನಾಯಿಯ ವಿಷಯವೂ ನೆನಪಿನಲ್ಲಿದೆ.

ನಾನು ಸಮೇತನಹಳ್ಳಿಯವನು, ಸುಬೇದಾರನಾಗಿ ನಿವೃತ್ತನಾದೆ. ನಿಮ್ಮ ಯಜಮಾನರಾದ ನಾಯಕ್ ಭೀಮರಾಜ್ ಮತ್ತು ನಾನು ಒಂದೇ ಯೂನಿಟ್‌ನಲ್ಲಿ, ಒಂದೇ ಬ್ಯಾರಕ್‌ನಲ್ಲಿ ಇದ್ದವರು. 2007ರಲ್ಲಿ ಅವರಿದ್ದ ಗಾಡಿ ಕಣಿವೆಗೆ ಉರುಳಿದಾಗ ನನಗೆ ಬೇರೆ ಕಡೆ ವರ್ಗವಾಗಿತ್ತು. ಸುದ್ದಿ ನನ್ನ ಕಿವಿಗೆ ಬೀಳುವಷ್ಟರಲ್ಲಿ ಊರಿನಲ್ಲಿ ಎಲ್ಲ ಕಾರ್ಯ ಮುಗಿದಿತ್ತಂತೆ.

ಈಗ ಇಲ್ಲಿ ಹಳೆಯ ಬಸ್ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ಕೆಲವು ಮಾಜಿ ಸೈನಿಕರು ಸೇರಿ ಒಂದು ನೆರವು ಬಳಗ ನಡೆಸುತ್ತಿದ್ದೇವೆ. ಪಿಂಚಣಿಯಲ್ಲಿ ತೊಡಕಾದರೆ ಬಿಡಿಸುವುದು, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸುವುದು, ಕೆಲಸ ಹುಡುಕಿಕೊಡುವುದು, ಇಷ್ಟೇ ನಮ್ಮ ಕಸುಬು. ಆಗಸ್ಟ್ 31ರ ಭಾನುವಾರ ಸೈನಿಕರ ಮನೆಯವರಿಗಾಗಿಯೇ ಇಲ್ಲಿ ಉದ್ಯೋಗ ಮೇಳ ಇದೆ. ವಿಮಾನ ನಿಲ್ದಾಣದ ಸುತ್ತಮುತ್ತಲಿನ ಕಂಪನಿಗಳು ಬರುತ್ತವೆ. ನಿಮ್ಮ ಮಗಳು ಕೀರ್ತನ ಬಿ.ಕಾಂ. ಮುಗಿಸಿ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಎಣಿಸುತ್ತಿದ್ದಾಳೆಂದು ತಿಳಿಯಿತು. ಅವಳಿಗೆ ಒಳ್ಳೆಯ ಕಚೇರಿ ಕೆಲಸ ಸಿಗುವ ಅವಕಾಶ ಇದು.

ಆದರೆ ಅವಳ ಬಳಿ ಸೈನಿಕರ ಅವಲಂಬಿತರ ಗುರುತಿನ ಚೀಟಿ ಇರಬೇಕು. ಅದಕ್ಕೆ ತಾಯಿಯಾದ ನೀವೇ ಪಿಂಚಣಿ ಆದೇಶದ ಅಸಲು ಪ್ರತಿಯೊಂದಿಗೆ ಬಂದು ಸಹಿ ಹಾಕಬೇಕು. ಅರ್ಜಿ ಆಗಸ್ಟ್ ಮಧ್ಯದೊಳಗೆ ಹೋಗಬೇಕು, ತಡವಾದರೆ ಮೇಳಕ್ಕೆ ಚೀಟಿ ಕೈಗೆ ಬರುವುದಿಲ್ಲ.

ನಿಮ್ಮ ಮೈದುನನಂತಿರುವ
ಕಾಂತರಾಜು


ಕುಂದಾಣ
24 ಮೇ 2025

ಕಾಂತರಾಜು ಎಂಬುವವರಿಗೆ,

ಕಾಗದ ಬಂತು. ಪೋಸ್ಟಿನವನ ಕೈಯಿಂದಲೇ ಬಂತು, ಅದರಲ್ಲಿ ನಂಬುವಂಥದ್ದು ಅದೊಂದೇ.

ಮೊದಲನೆಯ ಮಾತು, ನನ್ನನ್ನು ಅತ್ತಿಗೆ ಎನ್ನಬೇಡಿ. ನನಗೆ ಇರುವ ಮೈದುನ ಒಬ್ಬನೇ, ಅವನೇ ಸಾಕಾಗಿದ್ದಾನೆ. ಎರಡನೆಯದು, ನನ್ನ ಮಗಳು ಬಿ.ಕಾಂ. ಓದಿದ್ದು, ಅವಳು ಗಾರ್ಮೆಂಟ್ಸ್‌ಗೆ ಹೋಗುವುದು, ಅವಳ ಹೆಸರು, ಇಷ್ಟೆಲ್ಲ ನಿಮಗೆ ಹೇಳಿದವರು ಯಾರು? ವಯಸ್ಸಿಗೆ ಬಂದ ಹೆಣ್ಣುಮಗಳ ವಿಚಾರ ವಿಚಾರಿಸಿಕೊಂಡು ಬರುವವರನ್ನು ನಮ್ಮೂರಲ್ಲಿ ಕೂರಿಸಿ ಕಾಫಿ ಕೊಡುವುದಿಲ್ಲ.

ನಿಮ್ಮಂಥವರು ನನಗೆ ಹೊಸಬರಲ್ಲ. ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆ ಪೊದೆಗೊಬ್ಬರಂತೆ ಇಂಥವರು ಎದ್ದುಬಂದರು. ಹಿಂದೆ ಒಬ್ಬ ಹೀಗೆಯೇ ಬಂದ. ತಲೆಯ ಮೇಲೆ ಮಿಲಿಟರಿ ಬಣ್ಣದ ಟೋಪಿ. "ನಾನು ನಿಮ್ಮ ಯಜಮಾನರ ಫ್ರೆಂಡು ಕಣಮ್ಮ, ಸೈನಿಕರ ಹೆಂಡ್ತೀರಿಗೆ ಸರ್ಕಾರ ಸೈಟ್ ಕೊಡ್ತೈತೆ" ಎಂದ. ನಾನು ನಂಬಿದೆ, ಮಜ್ಜಿಗೆ ಕೊಟ್ಟೆ. ಸೈಟು ಬರಲಿಲ್ಲ, ರಸ್ತೆಯ ಪಕ್ಕದ ಹೊಲ ಹೋಯಿತು. ಈಗ ಅಲ್ಲಿ ಯಾರದೋ ಕಾಂಪೌಂಡು ಎದ್ದಿದೆ. ದಿನವೂ ಹಾಲು ಹಾಕಲು ಹೋಗುವಾಗ ಅದರ ಮುಂದೆಯೇ ಹೋಗುತ್ತೇನೆ.

ಆದ್ದರಿಂದ ಅಸಲು ಕಾಗದ ಟ್ರಂಕಿನಲ್ಲಿದೆ, ಟ್ರಂಕಿನ ಬೀಗದ ಕೈ ನನ್ನ ಕೊರಳಲ್ಲಿದೆ. ನೀವು ನಿಜವಾಗಿ ಅವರ ಜೊತೆ ಇದ್ದವರಾದರೆ ಇದಕ್ಕೆ ಉತ್ತರ ಬರೆಯಿರಿ. ಅವರ ಮುಖದಲ್ಲಿ ಒಂದು ಗುರುತಿತ್ತು, ಅದು ಎಲ್ಲಿತ್ತು? ಏನು ಕೊಟ್ಟರೂ ಅವರು ಬಾಯಿಗಿಡದ ವಸ್ತು ಯಾವುದು? ಮನೆಯ ವಿಚಾರ ನಿಮ್ಮ ಹತ್ತಿರ ಏನು ಹೇಳುತ್ತಿದ್ದರು?

"ಮಾತಾಡಿದಂಗೆ ಬರೀಬೇಡಮ್ಮ, ಪುಸ್ತಕದಲ್ಲಿ ಇರೋ ಹಂಗೆ ಬರಿ" ಎಂದು ಮಗಳು ಹೇಳಿಕೊಟ್ಟಿದ್ದಾಳೆ. ಅದಕ್ಕೇ ಈ ಕಾಗದದಲ್ಲಿ ಇಷ್ಟೊಂದು ಮರ್ಯಾದೆ ಕಾಣುತ್ತಿರುವುದು.

ಇಂತಿ
ಮುನಿತಾಯಮ್ಮ


ಹೊಸಕೋಟೆ
8 ಜೂನ್ 2025

ಮುನಿತಾಯಮ್ಮನವರಿಗೆ ನಮಸ್ಕಾರ.

ಹೊಲದ ವಿಷಯ ಓದಿ ಹೊಟ್ಟೆ ಉರಿಯಿತು. ನಮ್ಮ ಟೋಪಿ ಹಾಕಿಕೊಂಡು ನಮ್ಮವರನ್ನೇ ಮುಳುಗಿಸುವ ಜನ. ನಿಮ್ಮ ಅನುಮಾನಕ್ಕೆ ನನಗೆ ಬೇಸರವಿಲ್ಲ.

ಗುರುತು ಹುಬ್ಬಿನ ಮೇಲಿತ್ತು. ಚಿಕ್ಕಂದಿನಲ್ಲಿ ಎತ್ತಿನ ಕೊಂಬು ತಾಗಿ ಆದದ್ದು ಎನ್ನುತ್ತಿದ್ದ. ಎಡ ಹುಬ್ಬೋ ಬಲ ಹುಬ್ಬೋ ಈಗ ಮರೆತಿದ್ದೇನೆ, ಸುಳ್ಳು ಹೇಳುವುದಿಲ್ಲ. ಬಾಯಿಗಿಡದ ವಸ್ತು ಎಂದರೆ ರಮ್. ತನ್ನ ಪಾಲಿನದನ್ನು ಲಂಗರ್ ಎನ್ನುವ ನಮ್ಮ ಅಡುಗೆಮನೆಯ ಅಡುಗೆಯವನಿಗೆ ಕೊಟ್ಟು, ಬದಲಿಗೆ ಭಾನುವಾರ ಒಂದು ಒಲೆ, ಒಂದು ದೊಡ್ಡ ಪಾತ್ರೆ ತನಗೆ ಬಿಡಿಸಿಕೊಳ್ಳುತ್ತಿದ್ದ. ಊರಿಂದ ತಂದ ರಾಗಿಹಿಟ್ಟಿನಲ್ಲಿ ಅವನು ಮುದ್ದೆ ತೊಳಸುವುದನ್ನು ನೋಡಲು ಪಂಜಾಬಿನ ಹುಡುಗರೆಲ್ಲ ಸೇರುತ್ತಿದ್ದರು. ನಾನು ಮತ್ತು ದೊಡ್ಡಬಳ್ಳಾಪುರದ ರಹೀಮ್ ತಟ್ಟೆ ಹಿಡಿದು ಮೊದಲೇ ಕೂತಿರುತ್ತಿದ್ದೆವು. ಆ ಬ್ಯಾರಕ್‌ನಲ್ಲಿ ನಮ್ಮ ಜಿಲ್ಲೆಯವರು ನಾವು ಮೂವರೇ.

ಇನ್ನು ಮನೆಯ ವಿಚಾರ. ಅದನ್ನು ಅವನು ಹೇಳಬೇಕಾಗಿಯೇ ಇರಲಿಲ್ಲ, ನಿಮ್ಮ ಕಾಗದಗಳೇ ಹೇಳುತ್ತಿದ್ದವು. ನೀವು ಬರೆದದ್ದನ್ನು ಅವನು ನಮಗೆಲ್ಲ ಗಟ್ಟಿಯಾಗಿ ಓದುತ್ತಿದ್ದ. ನಿಮ್ಮನ್ನು ನಾನು ಕಣ್ಣಿನಿಂದ ನೋಡಿಲ್ಲ, ಆದರೆ ನಿಮ್ಮ ಬೈಗುಳ ಕೇಳಿ ಬೆಳೆದವನು. ಅತ್ತಿಗೆ ಎಂದು ಬಾಯಿಗೆ ಬಂದದ್ದು ಅದರಿಂದಲೇ.

ಇದರೊಂದಿಗೆ ನಮ್ಮ ಮೂವರ ಹಳೆಯ ಫೋಟೊದ ಪ್ರತಿ ಇಟ್ಟಿದ್ದೇನೆ. ಮಧ್ಯದಲ್ಲಿರುವವನು ಭೀಮರಾಜ್. ಎಡಗಡೆಯ ಬಡಕಲು ನಾನು.

ದಿನಗಳು ಓಡುತ್ತಿವೆ. ದಯವಿಟ್ಟು ಬೇಗ ಮನಸ್ಸು ಮಾಡಿ.

ಕಾಂತರಾಜು


ಕುಂದಾಣ
19 ಜೂನ್ 2025

ಕಾಂತರಾಜು ಅವರಿಗೆ,

ಫೋಟೊ ಸಿಕ್ಕಿತು. ಪಕ್ಕದ ಮನೆಯ ಚಂದನ ಸಿನಿಮಾ ನಟರ ಹೆಗಲ ಮೇಲೆ ಕೈಹಾಕಿ ನಿಂತ ಫೋಟೊವನ್ನು ಫೋನಿನಲ್ಲೇ ಮಾಡಿಕೊಂಡಿದ್ದಾಳೆ. ಅವಳು ದೇವನಹಳ್ಳಿ ದಾಟಿ ಆಚೆ ಹೋದವಳಲ್ಲ. ಅದಕ್ಕೇ ಫೋಟೊ ಲೆಕ್ಕಕ್ಕಿಲ್ಲ.

ಬಾಯಿಗಿಡದ್ದು ಎಂದು ನಾನು ಕೇಳಿದ್ದು ಹಾಗಲಕಾಯಿ. ನೀವು ರಮ್ ಎಂದಿರಿ. ಹಬ್ಬದ ಮಾರನೆಯ ದಿನ ಊರಿನಲ್ಲಿ ಅಪ್ಪ, ತಮ್ಮನ ಜೊತೆ ಕೂತು ಅವರು ರಮ್ ಕುಡಿದದ್ದನ್ನು ಈ ಕಣ್ಣಿಂದ ಕಂಡಿದ್ದೇನೆ. ಹುಬ್ಬಿನ ಗುರುತು ಸರಿಯಿದೆ, ಆದರೆ ಅದು ನಮ್ಮ ಗೋಡೆಯ ಮೇಲಿನ ಫೋಟೊದಲ್ಲೂ ಕಾಣುತ್ತದೆ. ಮನೆಗೆ ಬಂದ ಯಾರು ಬೇಕಾದರೂ ನೋಡಬಹುದು.

ಇರಲಿ. ನನ್ನ ಕಾಗದಗಳ ವಿಚಾರ ಓದಿ ಸಂತೋಷವಾಯಿತು. ಅದನ್ನು ಇನ್ನಷ್ಟು ವಿವರವಾಗಿ ಬರೆಯಿರಿ. ಅವನ್ನು ನೀವೇ ಕಣ್ಣಾರೆ ನೋಡಿದಿರಾ, ಇಲ್ಲ ಯಾರಾದರೂ ಹೇಳಿದ್ದಾ? ನನ್ನ ಅಕ್ಷರ ಆಗ ಹೇಗಿತ್ತು? ವಯಸ್ಸಾದ ಹಾಗೆ ಇವೆಲ್ಲ ಕೇಳಬೇಕು ಎನ್ನಿಸುತ್ತದೆ.

ಇಂತಿ
ಮುನಿತಾಯಮ್ಮ


ಹೊಸಕೋಟೆ
1 ಜುಲೈ 2025

ಪೂಜ್ಯ ಮುನಿತಾಯಮ್ಮನವರಿಗೆ,

ನಿಮ್ಮ ಕಾಗದದಲ್ಲಿ ಮೊದಲ ಬಾರಿ ಸಂತೋಷ ಎಂಬ ಮಾತು ಕಂಡು ನನಗೂ ಉಸಿರು ಬಂದಂತಾಯಿತು. ನಮ್ಮ ಬಳಗದ ಕೋಣೆಯಲ್ಲಿ ಎಲ್ಲರಿಗೂ ತೋರಿಸಿದೆ.

ಕಣ್ಣಾರೆ ನೋಡದೆ ಏನು! ನೀಲಿ ಬಣ್ಣದ ಇನ್‌ಲ್ಯಾಂಡ್ ಕಾಗದ. ಅಂಚೆ ಚೀಲ ಮೇಲಕ್ಕೆ ಬರುತ್ತಿದ್ದದ್ದು ಯಾವಾಗಲೋ ಒಮ್ಮೆ. ಬಂದ ದಿನ ನಮ್ಮ ಬ್ಯಾರಕ್‌ನಲ್ಲಿ ಒಂದು ಪದ್ಧತಿ ಇತ್ತು. ಯಾರಿಗೆ ಹೆಂಡತಿಯ ಕಾಗದ ಬಂದಿದೆಯೋ ಅವನು ಮಂಚದ ಮೇಲೆ ನಿಂತು ಅದನ್ನು ಎಲ್ಲರಿಗೂ ಓದಿ ಹೇಳಬೇಕು. ಭಾಷೆ ತಿಳಿಯದವರಿಗೆ ಹಿಂದಿಯಲ್ಲಿ ಅರ್ಥ ಹೇಳಬೇಕು. ಕಾಗದ ಬರದವನು ಅವತ್ತು ಎಲ್ಲರ ಬೂಟು ಉಜ್ಜಬೇಕು. ತಮಾಷೆಗೆ ಶುರುವಾದದ್ದು, ಆದರೆ ಬೂಟು ಉಜ್ಜುವವನ ಮುಖ ನೋಡಲಾಗುತ್ತಿರಲಿಲ್ಲ.

ಓದುವಾಗ ನಾವೆಲ್ಲ ನಡುವೆ ನಡುವೆ ತಡವರಿಸಿ ಕೆಲವು ಸಾಲು ನುಂಗಿಬಿಡುತ್ತಿದ್ದೆವು, ಗಂಡಹೆಂಡಿರ ಮಾತು ಎಲ್ಲರೆದುರು ಓದುವುದು ಹೇಗೆ? ಭೀಮರಾಜ್ ಮಾತ್ರ ಒಂದು ಸಾಲೂ ಬಿಡುತ್ತಿರಲಿಲ್ಲ. ನಿಮ್ಮ ಬೈಗುಳವನ್ನು ರಾಗವಾಗಿ ಓದುತ್ತಿದ್ದ, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನಿಮ್ಮ ಅಕ್ಷರ ಆಗಲೂ ಹೀಗೇ ದುಂಡಗೆ, ದಪ್ಪಗೆ ಮುದ್ದಾಗಿತ್ತು.

ಇನ್ನಾದರೂ ಬನ್ನಿ ಅತ್ತಿಗೆ. ಕೀರ್ತನಳ ಅರ್ಜಿಗೆ ನಿಮ್ಮದೊಂದು ಸಹಿ ಸಾಕು.

ನಿಮ್ಮ
ಕಾಂತರಾಜು


ಕುಂದಾಣ
9 ಜುಲೈ 2025

ಲೇ ಕಾಂತರಾಜು,

ಇನ್ನು ಪುಸ್ತಕದ ಮರ್ಯಾದೆ ಬೇಡ.

ನನ್ನ ಅಕ್ಷರ ಆಗಲೂ ದುಂಡಗಿತ್ತೇ? ನನ್ನ ಗಂಡ ಬದುಕಿರುವಷ್ಟು ದಿನ ನನಗೆ ಒಂದಕ್ಷರ ಬರುತ್ತಿರಲಿಲ್ಲ ಕಣಯ್ಯ. ಅ ಬರೆಯಲು ಬರುತ್ತಿರಲಿಲ್ಲ. ಆ ಟೋಪಿಯವನು ನನ್ನ ಹೆಬ್ಬೆಟ್ಟಿಗೆ ಮಸಿ ಬಳಿದು ಒತ್ತಿಸಿಕೊಂಡದ್ದಕ್ಕೇ ಹೊಲ ಹೋಗಿದ್ದು. ಅದಾದ ಮೇಲೆ, ಇನ್ನೊಂದು ಸಲ ಈ ಹೆಬ್ಬೆಟ್ಟನ್ನು ಯಾರ ಕೈಗೂ ಕೊಡಬಾರದೆಂದು, ಹೈಸ್ಕೂಲಿಗೆ ಹೋಗುತ್ತಿದ್ದ ಮಗಳ ಹತ್ತಿರ ಕೂತು ಕಲಿತೆ. ಹಿಟ್ಟು ನಾದುವ ಕೈಗೆ ಬಳಪ ಹಿಡಿಯುವುದು ಬರುತ್ತಿರಲಿಲ್ಲ. ಅವಳ ಹತ್ತಿರ ಬೈಸಿಕೊಂಡು, ಅತ್ತುಕೊಂಡು ಕಲಿತೆ. ನಾನು ಈ ಜನ್ಮದಲ್ಲಿ ಕಾಗದ ಅಂತ ಬರೆದದ್ದು ನಿನಗೇ ಮೊದಲು. ನನ್ನ ಗಂಡನಿಗೆ ಒಂದೇ ಒಂದು ಬರೆಯಲಿಲ್ಲ. ಯಾರ ಕೈಯಲ್ಲೂ ಬರೆಸಲೂ ಇಲ್ಲ. ನಮ್ಮ ಮಾವನ ಮುಂದೆ ಕೂತು, ಗಂಡನಿಗೆ ಹೀಗೆ ಬರೆಯಿರಿ ಎಂದು ಹೇಳುವ ಕಾಲವೇ ಅದು?

ಎಲ್ಲ ವಿಧವೆಯರಿಗೂ ಹೀಗೇ ಬರೆಯುತ್ತೀಯ ಅಲ್ಲವೇ? ನಿಮ್ಮ ಯಜಮಾನರು ನಿಮ್ಮ ಕಾಗದ ಓದುತ್ತಿದ್ದರು ಅಂದರೆ ಯಾವ ಹೆಂಗಸು ಕರಗುವುದಿಲ್ಲ? ಎಲ್ಲ ಹೆಂಡತಿಯರೂ ಬರೆದಿರುತ್ತಾರೆ ಎಂದು ಅಂದಾಜಿನ ಮೇಲೆ ಕಲ್ಲು ಹೊಡೆದೆ. ಈ ಸಲ ನಿನ್ನ ತಲೆಗೇ ಬಿತ್ತು.

ಟೋಪಿಯವನು ಹೊಲ ತೆಗೆದುಕೊಂಡು ಹೋದ, ಆಯಿತು, ಮಣ್ಣು. ನೀನು ಏನು ಮಾಡಿದೆ ಗೊತ್ತೇನು? ನಿನ್ನ ಜೂನ್ ತಿಂಗಳ ಕಾಗದವನ್ನು ನನ್ನ ಮಗಳು ಓದಿದಳು. ಅಪ್ಪನ ಮುಖ ನೆನಪಿಲ್ಲದ ಹುಡುಗಿ. ಮುದ್ದೆ ತೊಳಸುವ ಅಪ್ಪ, ಕಾಗದ ಓದುವ ಅಪ್ಪ ಎಂದು ಗಾರ್ಮೆಂಟ್ಸ್‌ನಲ್ಲೆಲ್ಲ ಹೇಳಿಕೊಂಡು ಬಂದಳು. ಅವಳಿಗೆ ಈಗ ಏನು ಹೇಳಲಿ? ಅದೂ ಸುಳ್ಳು, ಇದೂ ಸುಳ್ಳು ಎಂದೇ?

ನಿನ್ನ ಮೂರೂ ಕಾಗದ ಜೋಪಾನವಾಗಿ ಇಟ್ಟಿದ್ದೇನೆ. ಇನ್ನೊಂದು ಬಂದರೆ ನಾಲ್ಕನ್ನೂ ಸೇರಿಸಿ ಪೊಲೀಸ್ ಸ್ಟೇಷನ್ನಿಗೆ ಕೊಡುತ್ತೇನೆ.

ಮುನಿತಾಯಮ್ಮ
(ಸಹಿ ನನ್ನದೇ. ಹೆಬ್ಬೆಟ್ಟಲ್ಲ.)


ದೊಡ್ಡಬಳ್ಳಾಪುರ
20 ಜುಲೈ 2025

ಕಾಂತರಾಜು ಅಂಕಲ್‌ಗೆ,

ನಾನು ಕೀರ್ತನ. ಊಟದ ಬಿಡುವಿನಲ್ಲಿ ಇಲ್ಲೇ ಗಾರ್ಮೆಂಟ್ಸ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೆ ಗೊತ್ತಿಲ್ಲ. ಫೋನ್ ಮಾಡೋಣವೆಂದರೆ ನಿಮ್ಮ ನಂಬರನ್ನು ಅಮ್ಮ ನನ್ನ ಫೋನಿನಿಂದ ಅಳಿಸಿಹಾಕಿದ್ದಾಳೆ.

ನಿಮಗೆ ನನ್ನ ವಿವರ ಕೊಟ್ಟಿದ್ದು ನಾನೇ ಎಂದು ಅಮ್ಮನಿಗೆ ಇನ್ನೂ ಹೇಳಿಲ್ಲ. ಮೇಳದ ಜಾಹೀರಾತು ವಾಟ್ಸಾಪ್‌ನಲ್ಲಿ ಬಂದಾಗ ಅಪ್ಪನ ಹೆಸರು, ಯೂನಿಟ್ ಎಲ್ಲ ಹಾಕಿ ಕಳಿಸಿದೆ. ನೀವು ಅಮ್ಮನಿಗೆ ಫೋನ್ ಮಾಡುತ್ತೀರಿ ಎಂದು ಅಂದುಕೊಂಡಿರಲಿಲ್ಲ. ಈಗ ಹೇಳಿದರೆ ನನಗೂ ನಾಯಿ ಬಿಡುತ್ತಾಳೆ.

ಅಂಕಲ್, ನನಗೆ ಈ ಕೆಲಸ ಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತು ಶರಟು ಎಣಿಸಿ ಕಾಲು ಊದಿಕೊಳ್ಳುತ್ತದೆ. ಜೊತೆಯಲ್ಲಿ ಓದಿದ ಮೋನಿಷಾ ಕಾರ್ಗೋ ಕಂಪನಿಯ ಲೆಕ್ಕದ ವಿಭಾಗದಲ್ಲಿ ಕೂತಿದ್ದಾಳೆ. ಆದರೆ ನಾನು ಬರೆಯುತ್ತಿರುವುದು ಕೆಲಸಕ್ಕಾಗಿ ಅಲ್ಲ. ಅಮ್ಮ ಟ್ರಂಕಿಗೆ ಇನ್ನೊಂದು ಬೀಗ ಹಾಕಿದ್ದಾಳೆ, ಕೆಲಸ ಕೈಬಿಟ್ಟಂತೆಯೇ.

ನನಗೆ ಒಂದೇ ಒಂದು ತಿಳಿಯಬೇಕು. ಅಪ್ಪ ಮುದ್ದೆ ತೊಳಸಿದ್ದು, ಮಂಚದ ಮೇಲೆ ನಿಂತು ಓದಿದ್ದು, ಇವನ್ನೆಲ್ಲ ನೀವು ಕಟ್ಟಿ ಹೇಳಿದ್ದಾ? ಕಟ್ಟಿದ್ದಾದರೆ ಕಟ್ಟಿದ್ದೆಂದು ಹೇಳಿಬಿಡಿ, ಬೈಯುವುದಿಲ್ಲ. ಅಮ್ಮನಿಗೆ ಓದು ಬರುತ್ತಿರಲಿಲ್ಲ ಎನ್ನುವುದು ಮಾತ್ರ ನಿಜ. ಅವಳಿಗೆ ಕಲಿಸಿದವಳು ನಾನೇ, ಆಗ ಯಾರ ಕೈಯಲ್ಲೋ ಬರೆಸಿರಬೇಕು ಎಂದುಕೊಂಡಿದ್ದೆ.

ಕೀರ್ತನ


ಹೊಸಕೋಟೆ
2 ಆಗಸ್ಟ್ 2025

ಮುನಿತಾಯಮ್ಮನವರಿಗೆ,

ಇದು ನಾಲ್ಕನೆಯ ಕಾಗದ. ಪೊಲೀಸ್ ಸ್ಟೇಷನ್ನಿಗೆ ಕೊಡುವುದಾದರೆ ಕೊಡಿ, ಓದಿದ ಮೇಲೆ ಕೊಡಿ.

ನಿಮ್ಮ ಜುಲೈ ತಿಂಗಳ ಕಾಗದ ಓದಿದೆ. ಮೊದಲು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಿಮ್ಮ ಅಕ್ಷರ ದುಂಡಗಿತ್ತು ಎಂದದ್ದು ಸುಳ್ಳು. ಆ ಕಾಗದಗಳ ಒಳಗನ್ನು ನಾನು ನೋಡಿರಲಿಲ್ಲ, ಅವನು ಹಿಡಿದು ಓದುವುದನ್ನು ದೂರದಿಂದ ನೋಡಿದ್ದೆ. ಕೇಳಿದಿರಲ್ಲ, ನಿಮಗೆ ಹಿತವಾಗಲಿ ಎಂದು ಒಂದು ಮಾತು ಸೇರಿಸಿದೆ. ಉಳಿದದ್ದು ನಾನು ಕಂಡದ್ದು, ಕೇಳಿದ್ದು. ಆದರೆ ನೀವು ಬರೆದದ್ದೂ ಸತ್ಯ. ಎರಡೂ ಹೇಗೆ ಸತ್ಯವಾಗಲು ಸಾಧ್ಯ ಎಂದು ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಕೊನೆಗೆ ದೊಡ್ಡಬಳ್ಳಾಪುರಕ್ಕೆ ಹೋಗಿ ರಹೀಮನ ಮನೆಯ ಬಾಗಿಲು ತಟ್ಟಿದೆ. ಅವನ ಮಂಚ ಭೀಮರಾಜನ ಮಂಚದ ಪಕ್ಕದಲ್ಲೇ ಇತ್ತು.

ನಿಮ್ಮ ಕಾಗದ ಅವನ ಕೈಗೆ ಕೊಟ್ಟೆ. ಓದಿ ಮೊದಲು ಜೋರಾಗಿ ನಕ್ಕ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡ.

"ಅರೆ ಕಾಂತು, ನಂಗೆ ಅವತ್ತೇ ಗೊತ್ತಿತ್ತು ಕಣೋ" ಎಂದ. "ಒಂದಿನ ಓದಿ ಎಲ್ರನ್ನೂ ನಗ್ಸಿ, ಕಾಗ್ದ ಮಂಚದ ಮೇಲಿಟ್ಟು ನೀರು ತರಕ್ಕೆ ಹೋದ. ಗಾಳಿಗೆ ಹಾರಿ ನನ್ನ ಕಾಲ್ಹತ್ರ ಬಿತ್ತು. ಎತ್ತಿ ನೋಡಿದ್ರೆ ಅವ್ರಪ್ಪ ಬರ್ದಿರೋದು. ಬೋರ್‌ವೆಲ್ ಮೋಟ್ರು ಸುಟ್ಟೋಯ್ತು, ಹಸು ಕರು ಹಾಕ್ತು, ಇಷ್ಟೇ ಅದ್ರಲ್ಲಿದ್ದಿದ್ದು. ಅತ್ತಿಗೆದು ಒಂದ್ ಮಾತೂ ಇರ್ಲಿಲ್ಲ."

"ಮತ್ತೆ ಇಷ್ಟು ವರ್ಷ ಬಾಯೇ ಬಿಡ್ಲಿಲ್ವಲ್ಲೋ?" ಎಂದೆ.

"ಏನಂತ ಬಿಡ್ಲಿ? ಎಲ್ರಿಗೂ ಹೆಂಡ್ತಿ ಕಾಗ್ದ ಬರ್ತಿತ್ತು, ಅವ್ನಿಗೆ ಬರ್ತಿರ್ಲಿಲ್ಲ. ನನ್ನ ಹೆಂಡ್ತಿಗೆ ಬರ್ಯಕ್ಕೆ ಬರಲ್ಲ ಅಂತ ಅಷ್ಟು ಜನ್ರ ಮುಂದೆ ಹೇಳ್ಕೊಂಡು, ಅತ್ತಿಗೆ ಬಗ್ಗೆ ಅವ್ರು ನಗೋದು ಅವ್ನಿಗೆ ಬೇಕಾಗಿರ್ಲಿಲ್ಲ. ತಾನೇ ಮನಸ್ನಲ್ಲಿ ಬರ್ಕೊಂಡು ತಾನೇ ಓದ್ತಿದ್ದ. ಓದ್ಲಿ ಬಿಡು, ನನ್ನ ಗಂಟೇನ್ ಹೋಗುತ್ತೆ ಅಂತ ಕಾಗ್ದ ಮಡ್ಚಿ ಅವ್ನ ದಿಂಬಿನ್ ಕೆಳಗಿಟ್ಟೆ."

ಅವನು ಒಂದು ಸಾಲೂ ನುಂಗದೆ ಓದುತ್ತಿದ್ದುದು ಯಾಕೆಂದು ನನಗೆ ಈಗ ಅರ್ಥವಾಯಿತು. ನುಂಗುವುದಕ್ಕೆ ಅಲ್ಲಿ ಸಾಲುಗಳೇ ಇರಲಿಲ್ಲ.

ನೀವು ನಂಬಬೇಕಾಗಿಲ್ಲ. ಆದರೆ ಅವನು ನಿಮ್ಮ ಹೆಸರಿನಲ್ಲಿ ಏನು ಓದುತ್ತಿದ್ದನೆಂದು ನಾನೂ ರಹೀಮನೂ ಕೂತು ನೆನಪು ಮಾಡಿಕೊಂಡೆವು. ಕಾಗದ ಯಾವಾಗಲೂ "ಏ ಎಮ್ಮೆ" ಎಂದೇ ಶುರುವಾಗುತ್ತಿತ್ತು. ನಮ್ಮ ಹೆಂಡತಿಯರೆಲ್ಲ ಬಹುವಚನದಲ್ಲಿ ಬರೆದರೆ ನೀವು ಮಾತ್ರ ಏಕವಚನದಲ್ಲಿ ಬೈಯುತ್ತಿದ್ದಿರಿ, ಅದಕ್ಕೇ ನಮಗೆ ಅಷ್ಟು ನಗು. ಕೊನೆಗೆ ಪ್ರತಿ ಸಲವೂ ಒಂದೇ ಬೆದರಿಕೆ. ಹಿತ್ತಲಲ್ಲಿ ಅವನು ನೆಟ್ಟ ಚಕ್ಕೋತದ ಗಿಡದ ಬಗ್ಗೆ. "ಎಲೆ ಬಿಟ್ಕೊಂಡು ನಿಂತೈತೆ ನಿನ್ನಂಗೇ, ಕೆಲ್ಸಕ್ಕೆ ಬಾರ್ದಿರೋ ಗಿಡ. ಮುಂದಿನ್ ರಜಕ್ಕೆ ನೀನು ಬರೋ ಹೊತ್ಗೆ ಕಾಯಿ ಬಿಡ್ಲಿಲ್ಲ ಅಂದ್ರೆ ಕಡ್ದು ಒಲೆಗಿಡ್ತೀನಿ, ಆ ಬೂದೀಲಿ ನಿನ್ ಪಾತ್ರೆ ಬೆಳಗ್ತೀನಿ." ಇಷ್ಟು ಓದುವ ಹೊತ್ತಿಗೆ ಇಡೀ ಬ್ಯಾರಕ್ ಅವನ ಜೊತೆ ಕೂಗುತ್ತಿತ್ತು. ಪಂಜಾಬಿನ ಹುಡುಗರಿಗೆ "ಕಡ್ದು ಒಲೆಗಿಡ್ತೀನಿ" ಬಾಯಿಪಾಠವಾಗಿತ್ತು. ಅಂಚೆ ಚೀಲ ಬಂದರೆ ಸಾಕು, "ಗಿಡ ಇದೆಯಾ, ಹೋಯಿತಾ" ಎಂದು ಕೇಳುತ್ತಿದ್ದರು.

ಅಂಥ ಗಿಡ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನೂ ಅವನೇ ಕಟ್ಟಿಕೊಂಡಿರಬಹುದು.

ಕೀರ್ತನಳ ಅರ್ಜಿಗೆ ಇನ್ನು ಎರಡು ವಾರವೂ ಇಲ್ಲ. ನನ್ನ ಹತ್ತಿರ ಬರಲು ಮನಸ್ಸಿಲ್ಲದಿದ್ದರೆ ನೇರವಾಗಿ ಸೈನಿಕ ಕಲ್ಯಾಣ ಕಚೇರಿಗೇ ಹೋಗಿ ಅರ್ಜಿ ಕೊಡಿ, ನನ್ನ ಹೆಸರೂ ಹೇಳಬೇಕಾಗಿಲ್ಲ. ಮಗುವಿಗೆ ಅವಕಾಶ ತಪ್ಪದಿರಲಿ.

ಕಾಂತರಾಜು


ಕುಂದಾಣ
6 ಆಗಸ್ಟ್ 2025

ಕಾಂತರಾಜು ಅವರಿಗೆ,

ಆ ಮಾತು ನಾನು ಆಡಿದ್ದು. ಅವರು ಕೊನೆಯ ಸಲ ರಜೆ ಮುಗಿಸಿ ಹೊರಟ ಬೆಳಿಗ್ಗೆ, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಆಡಿದ್ದು. ಅದಕ್ಕೂ ಹಿಂದಿನ ರಜೆಗಳಲ್ಲೂ ಆಡಿದ್ದೆ. ಪ್ರತಿ ಸಲ ಹೊರಡುವಾಗ ಅಳು ಬರುತ್ತಿತ್ತು, ಅತ್ತೆಯ ಕಣ್ಣಿಗೆ ಬೀಳಬಾರದೆಂದು ಗಿಡದ ಮೇಲೆ ಹಾಕಿ ಬೈಯುತ್ತಿದ್ದೆ. ಅಲ್ಲಿ ಇದ್ದದ್ದು ನಾನು, ಅವರು, ಆ ಗಿಡ. ಜನರ ಮುಂದೆ ನಾನು ಅವರನ್ನು ಬಹುವಚನ ಬಿಟ್ಟು ಕರೆದವಳಲ್ಲ. ಎಮ್ಮೆ ಎನ್ನುತ್ತಿದ್ದದ್ದು ಹಿತ್ತಲಲ್ಲಿ ಮಾತ್ರ. ಇದನ್ನು ನನ್ನ ಮಗಳಿಗೂ ಹೇಳಿರಲಿಲ್ಲ.

ನಿಮ್ಮ ಕಾಗದವನ್ನು ಕೀರ್ತನಳಿಗೆ ನಾನೇ ಓದಿ ಹೇಳಿದೆ. ಗಟ್ಟಿಯಾಗಿ ಓದಿದೆ, ಒಂದು ಸಾಲೂ ಬಿಡಲಿಲ್ಲ. ಗಿಡದ ವಿಷಯ ಬಂದಾಗ ಓದಲಾಗಲಿಲ್ಲ, ಉಳಿದದ್ದು ಅವಳು ಓದಿದಳು. ಅವಳೇ ನಿಮಗೆ ವಿವರ ಕೊಟ್ಟವಳೆಂದು ಆಗಲೇ ಬಾಯಿಬಿಟ್ಟಳು. ಬೈದೆ, ನಾಯಿ ಬಿಡಲಿಲ್ಲ.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಸೋಮವಾರ ಬೆಳಗಿನ ಬಸ್ಸಿಗೆ ಹೊಸಕೋಟೆಗೆ ಬರುತ್ತೇವೆ. ಅಸಲು ಕಾಗದ ತರುತ್ತೇನೆ, ಆದರೆ ನಿಮ್ಮ ಕೈಗೆ ಕೊಡುವುದಿಲ್ಲ. ನಾನು ಹಿಡಿದುಕೊಂಡಿರುತ್ತೇನೆ, ನೀವು ನೋಡಿ. ಬರೆಯಬೇಕಾದದ್ದನ್ನೆಲ್ಲ ಓದಿದ ಮೇಲೆಯೇ ಸಹಿ ಹಾಕುತ್ತೇನೆ. ತಡವಾದರೆ ಯಾರೂ ಗೊಣಗಬಾರದು.

ರಹೀಮ್ ಅವರಿಗೂ ಬರಲು ಹೇಳಿ. ನಿಮ್ಮ ಹಳೆಯ ಬ್ಯಾರಕ್ಕಿನವರು ಇನ್ನು ಯಾರಿದ್ದಾರೋ ಅವರಿಗೂ ಹೇಳಿ. ಇದರ ಒಳಗೆ ಇನ್ನೊಂದು ಕಾಗದ ಮಡಚಿ ಇಟ್ಟಿದ್ದೇನೆ, ಅದು ನಿಮಗಲ್ಲ. ಅವರೆಲ್ಲ ಸೇರಿದಾಗ ನೀವು ಮಂಚವೋ ಕುರ್ಚಿಯೋ ಹತ್ತಿ ನಿಂತು ಅದನ್ನು ಓದಬೇಕು. ಪದ್ಧತಿ ಎಂದರೆ ಪದ್ಧತಿ.

ನಿಮ್ಮ ಅತ್ತಿಗೆ
ಮುನಿತಾಯಮ್ಮ


ಏ ಎಮ್ಮೆ,

ಮೇಲೆ ನಿನ್ನ ಹೆಸ್ರು ಬರ್ಯಣ ಅಂತ ಕೂತೆ. ಭೀಮರಾಜ್. ಬಾಯಲ್ಲಿ ಯಾವತ್ತೂ ಅಂದಿಲ್ಲ, ಕೈಯಲ್ಲಿ ಬರ್ದ್ರೆ ದೋಸ ಇಲ್ಲ ಅಂತಾಳೆ ನಿನ್ನ ಮಗ್ಳು. ಇದನ್ನ ಮಾತಾಡಿದಂಗೇ ಬರೀತಾ ಇದೀನಿ, ಅವ್ಳು ಬೈದ್ರೂ ಸರಿ.

ನಾನು ಬರೀದೆ ಇರೋ ಕಾಗ್ದನೆಲ್ಲಾ ಓದ್ದಂತೆ. ನನ್ನ ಮಾನನೆಲ್ಲಾ ಗುಡ್ಡದ ಮೇಲೆ ಹರಾಜಾಕ್ದಂತೆ. ಬೂಟು ಉಜ್ಜಿದ್ರೆ ನಿನ್ನ ಗಂಟೇನ್ ಹೋಗ್ತಿತ್ತು? ಒಂದ್ ಸಲ, ಲೇ ಇವ್ಳೇ, ಅಲ್ಲಿ ಹಿಂಗೆ ಐತೆ, ನಂಗೆ ಕಾಗ್ದ ಬರಲ್ಲ ಅಂತ ಬೇಜಾರು ಅಂದಿದ್ರೆ ಆಗ್ಲೇ ಕಲೀತಿದ್ನಲ್ಲಾ. ನಿನ್ ಮಗ್ಳು ಹುಟ್ಟೋಕ್ ಮುಂಚೇನೇ ಕಲೀತಿದ್ದೆ. ಹೊಲ ಹೋದ್ಮೇಲೆ ಕಲ್ತೆ ನೋಡು, ಮುಂಡೇದು ಹೊಲ. ನಿಂಗೋಸ್ಕರ ಕಲ್ತಿದ್ರೆ ಏನ್ ಚೆನ್ನಾಗಿರ್ತಿತ್ತು.

ನಿನ್ ಮಗ್ಳಿಗೆ ಕೆಲ್ಸ ಆಗ್ಬೋದು. ನಿನ್ ಹೆಸ್ರಿಂದ ಆಗ್ತೈತೆ. ಅಷ್ಟಾದ್ರೂ ಕೆಲ್ಸಕ್ಕೆ ಬಂದೆ.

ನೀನು ಮುಂದಿನ್ ರಜಕ್ಕೆ ಬರ್ಲಿಲ್ಲ. ಗಿಡ ಎರಡ್ ವರ್ಸ ಬಿಟ್ಟು ಕಾಯಿ ಬಿಡ್ತು. ಈ ಸಲ ಕೊಂಬೆ ನೆಲ ಮುಟ್ಟೈತೆ, ಗಣೇಸನ ಹಬ್ಬಕ್ಕೆ ಊರಿಗೆಲ್ಲಾ ಹಂಚ್ಬೋದು. ಸೋಮವಾರ ನಿನ್ ಸ್ನೇಹಿತರಿಗೂ ಒಂದೊಂದು ತಂದಿರ್ತೀನಿ, ಕೇಳ್ತಿದ್ರಂತಲ್ಲ, ಗಿಡ ಇದೆಯಾ ಹೋಯ್ತಾ ಅಂತ.

ಕಡ್ದಿಲ್ಲ ಅಂತ ಹೇಳು ಅವ್ರಿಗೆ.

ಮುನಿತಾಯಿ